ಡಚ್ ಗೊತ್ತಿಲ್ಲ

ಹೋದ ನವೆಂಬರಿನಲ್ಲಿ ಐಂಡ್‌ಹೋವನ್ ಸುತ್ತಮುತ್ತಲಿನ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡಿದೆವು. ಊರಾಚೆಯ ಒಂದು ಹಳ್ಳಿಯ ಸಮುದಾಯ ಭವನ, ನೂರೈವತ್ತು ಜನ, ಹಳದಿ-ಕೆಂಪು ಶಾಲು, ಬಿಸಿಬೇಳೆಬಾತು, ಮಕ್ಕಳ ಡ್ಯಾನ್ಸು, ಎಲ್ಲ ಇತ್ತು. ಊಟಕ್ಕೆ ಮೊದಲು ಭಾಷಣ. ಭಾಷಣ ಮಾಡಿದವನು ಒಳ್ಳೆ ಕಾವಿನಲ್ಲಿದ್ದ. "ಹತ್ತು ವರ್ಷ ಬೆಂಗಳೂರಿನ ನೀರು ಕುಡಿದು, ಬೆಂಗಳೂರಿನ ಸಂಬಳ ಎಣಿಸಿ, ಆಮೇಲೂ 'ಕನ್ನಡ್ ಗೊತ್ತಿಲ್ಲ' ಅನ್ನೋಕೆ ಎಷ್ಟು ಧೈರ್ಯ ಬೇಕು ಸ್ವಾಮಿ?" ಅಂದ. ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅನ್ನುವ 2024ರ ಕಾನೂನಿಗೂ ಗೋಳಾಡುವವರನ್ನು ಚೆನ್ನಾಗಿ ಲೇವಡಿ ಮಾಡಿದ. ಕೊನೆಗೆ ಎಲ್ಲ ರಾಜ್ಯೋತ್ಸವ ಭಾಷಣಗಳ ಹಾಗೆ ಕಿಟೆಲ್ ಬಂದರು. 1853ರಲ್ಲಿ ಪರದೇಶದಿಂದ ಬಂದ ಮನುಷ್ಯ ನಮ್ಮ ಭಾಷೆ ಕಲಿತು 1894ರಲ್ಲಿ ಮಂಗಳೂರಿನಲ್ಲಿ ನಿಘಂಟನ್ನೇ ಅಚ್ಚು ಹಾಕಿಸಿದರು, ಇವರಿಗೆ 'ಊಟ ಆಯ್ತಾ' ಅನ್ನೋದು ಕಲಿಯೋಕೆ ಆಗಲ್ವಾ? ಚಪ್ಪಾಳೆಯೋ ಚಪ್ಪಾಳೆ.

ಅಷ್ಟರಲ್ಲಿ ಭವನದ ಉಸ್ತುವಾರಿ ನೋಡುವ ಮುದುಕ ಬಾಗಿಲಲ್ಲಿ ನಿಂತು ಏನೋ ಹೇಳಿದ. ಯಾರಿಗೂ ಅರ್ಥ ಆಗಲಿಲ್ಲ. ಇನ್ನೊಮ್ಮೆ ಹೇಳಿದ, ಸ್ವಲ್ಪ ಗಟ್ಟಿಯಾಗಿ, ನಿಧಾನಕ್ಕೆ. ಚಿಪ್ ಡಿಸೈನ್ ಮಾಡುವವರು, ಡೇಟಾ ಸೈಂಟಿಸ್ಟುಗಳು, ಪಿಎಚ್‌ಡಿ ಆದವರು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೋ "ಇಂಗ್ಲಿಷ್ ಪ್ಲೀಸ್" ಅಂದರು. ಮುದುಕ ಕೈ ಚೆಲ್ಲಿದ. ಡಚ್ಚರೆಲ್ಲ ಇಂಗ್ಲಿಷ್ ಮಾತಾಡ್ತಾರೆ ಅಂತ ನಂಬಿಕೊಂಡು ನಾವು ಬಂದಿದ್ದೇವಲ್ಲ, ಬ್ರಾಬಂಟಿನ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದವರಿಗೆ ಆ ವಿಷಯವನ್ನು ಯಾರೂ ತಿಳಿಸಿದ ಹಾಗಿಲ್ಲ. ಕೊನೆಗೆ ಸ್ಟೇಜಿನ ಹಿಂದಿನಿಂದ ಎಂಟು ವರ್ಷದ ಒಂದು ಹುಡುಗಿಯನ್ನು ಕರೆತಂದು ಕೈಗೆ ಮೈಕು ಕೊಟ್ಟರು. ಅವಳು ಮುದುಕನ ಹತ್ರ ಎರಡು ಮಾತಾಡಿ, "ಯಾರದೋ ಕಾರು ಪಕ್ಕದ ಮನೆಯವರ ಗೇಟಿಗೆ ಅಡ್ಡ ಇದೆಯಂತೆ, ತೆಗೀಬೇಕಂತೆ. ಮತ್ತೆ ಹೋಗುವಾಗ ಕುರ್ಚಿ ಒಂದರ ಮೇಲೊಂದು ಎಂಟೇ ಇಡಬೇಕಂತೆ, ಜಾಸ್ತಿ ಇಟ್ರೆ ಬೀಳುತ್ತಂತೆ" ಅಂದಳು. ಮತ್ತೆ ಚಪ್ಪಾಳೆ. ಮಗು ಎಷ್ಟು ಚಂದ ಕನ್ನಡ ಮಾತಾಡುತ್ತೆ ಅಂತ!

ಹುಡುಗಿ ನನ್ನ ಮಗಳು. ಭಾಷಣ ಮಾಡಿದವನು ನಾನು. ಈ ದೇಶಕ್ಕೆ ಬಂದು ಆಗ ನನಗೆ ಏಳು ವರ್ಷ ಆಗಿತ್ತು.

(ಕಾರು ನನ್ನದಲ್ಲ, ಪುಣ್ಯ. ನಾವು ಸೈಕಲ್ಲಿನಲ್ಲಿ ಹೋಗಿದ್ದೆವು.)

ಬೆಂಗಳೂರಿನಲ್ಲಿ ನಾನು ಆರು ವರ್ಷ ಇದ್ದೆ, ಬೆಳ್ಳಂದೂರು ಕಡೆ. ಟೀಮಿನಲ್ಲಿದ್ದ ಉತ್ತರದವರ ಹತ್ರ ಭಾಷೆ ವಿಷಯಕ್ಕೆ ಮಾಡಿದ ಜಗಳಕ್ಕೆ ಲೆಕ್ಕ ಇಲ್ಲ. ಅವರ ಕಾರಣಗಳು ನನಗೆ ಬಾಯಿಪಾಠ. ಆಫೀಸಲ್ಲಿ ಎಲ್ಲ ಇಂಗ್ಲಿಷ್, ಎಲ್ಲಿ ಕಲಿಯೋದು? ನಾನು ಕನ್ನಡ ಶುರು ಮಾಡಿದ್ರೆ ನಿಮ್ಮವರೇ ಹಿಂದಿಗೆ ಬರ್ತಾರೆ. ಎರಡು ವರ್ಷದಲ್ಲಿ ಹೊರಟುಹೋಗ್ತೀನಿ. ಟ್ಯಾಕ್ಸ್ ಕಟ್ಟಲ್ವಾ ನಾನು? ನಾಳೆ ಹೈದರಾಬಾದಿಗೆ ಹೋದ್ರೆ ಇದು ಯಾವ ಉಪಯೋಗಕ್ಕೆ? ಈಗ ಹಿಂದಿ ಇರೋ ಕಡೆ ಇಂಗ್ಲಿಷ್ ಹಾಕಿ, ಹೈದರಾಬಾದ್ ಇರೋ ಕಡೆ ಮ್ಯೂನಿಕ್ ಹಾಕಿ. ನಮ್ಮ ಐಂಡ್‌ಹೋವನ್ ವಾಟ್ಸ್ಯಾಪ್ ಗುಂಪು ರೆಡಿ. ಒಂದಕ್ಷರ ಬದಲಾಯಿಸೋದು ಬೇಡ.

ಇದರಲ್ಲಿ ಎಲ್ಲರಿಗೂ ಇಷ್ಟವಾದ ಕಾರಣ ಒಂದುಂಟು: ನಾವು ಡಚ್ ಶುರು ಮಾಡಿದ್ರೆ ಅವರೇ ಇಂಗ್ಲಿಷಿಗೆ ತಿರುಗ್ತಾರೆ. ಇದು ಸುಳ್ಳಲ್ಲ. ಬೇಕರಿಯಲ್ಲಿ ಒಂದು ಬ್ರೆಡ್ ಕೇಳಿದರೆ ನನ್ನ ಉಚ್ಚಾರಕ್ಕೆ ಮೂರನೇ ಪದದಲ್ಲೇ ಕೌಂಟರಿನ ಹುಡುಗಿ ಇಂಗ್ಲಿಷಿಗೆ ಹಾರುತ್ತಾಳೆ. ಆಗ ನಾನು ಬಿಡುವ ನಿಟ್ಟುಸಿರು ಬೇಜಾರಿನದು ಅಂತ ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಬಂದೆ. ಬಚಾವಾದೆ ಅನ್ನುವ ನಿಟ್ಟುಸಿರು ಅದು ಮಾರಾಯ್ರೆ. ಬೆಂಗಳೂರಿನಲ್ಲಿ ಆಟೋದವರು ಹಿಂದಿಗೆ ತಿರುಗಿದರೆ ನಾವು ಇಬ್ಬರಿಗೂ ಬೈತಿದ್ದೆವು. ತಿರುಗಿದವನಿಗೆ ಅಭಿಮಾನ ಇಲ್ಲ, ತಿರುಗಿಸಿದವನಿಗೆ ಸೊಕ್ಕು. ಇಲ್ಲಿ ತಿರುಗಿದ ಡಚ್ಚನಿಗೆ 'ಎಷ್ಟು ಫ್ರೆಂಡ್ಲಿ ಜನ' ಅಂತ ಸರ್ಟಿಫಿಕೇಟ್ ಕೊಡ್ತೇವೆ. ತಿರುಗಿಸಿದ ನಮಗೆ ಏನೂ ಹೇಳಿಕೊಳ್ಳೋದಿಲ್ಲ.

ಇನ್ನು 'ಚಿಕ್ಕ ಭಾಷೆ' ಅನ್ನೋರು. ನೆದರ್ಲೆಂಡ್ಸ್, ಬೆಲ್ಜಿಯಮ್ಮಿನ ಉತ್ತರಾರ್ಧ, ಸುರಿನಾಮ್ ಎಲ್ಲ ಸೇರಿಸಿದರೆ ಡಚ್ ಆಡುವವರು ಎರಡೂವರೆ ಕೋಟಿಯ ಹತ್ತಿರ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು 4.37 ಕೋಟಿ. ಸರಿ, ಅವರದು ನಮ್ಮ ಅರ್ಧಕ್ಕಿಂತ ಚೂರು ಜಾಸ್ತಿ. ಅಷ್ಟೇ ಜನ ಇಟ್ಟುಕೊಂಡು ಅವರು ಕೋರ್ಟು ನಡೆಸ್ತಾರೆ, ಮೆಡಿಕಲ್ ಓದಿಸ್ತಾರೆ, ಇನ್ಶೂರೆನ್ಸ್ ಪಾಲಿಸಿಯ ಸಣ್ಣಕ್ಷರಗಳನ್ನೂ ಡಚ್‌ನಲ್ಲೇ ಬರೀತಾರೆ. ನನ್ನ ಮನೆಮಾತು ತುಳು, ಅದೇ ಜನಗಣತಿಯಲ್ಲಿ 18 ಲಕ್ಷ ಚಿಲ್ಲರೆ. 18 ಲಕ್ಷದ ಭಾಷೆಯವನು ಎರಡೂವರೆ ಕೋಟಿಯದ್ದನ್ನು ಚಿಕ್ಕದು ಅಂತ ಮೂಗು ಮುರಿದರೆ ಅವನ ಬಳಿ ಇರೋದು ಭಾಷಾಭಿಮಾನವಾ, ಬರೀ ಇಂಗ್ಲಿಷಿನ ಏಜೆನ್ಸಿಯಾ?

ಅವರಿಗೂ ಇಂಗ್ಲಿಷ್ ಭಯ ಇಲ್ಲ ಅಂದ್ಕೊಳ್ಳಬೇಡಿ. ವಿಶ್ವವಿದ್ಯಾಲಯಗಳಲ್ಲಿ ಡಚ್ ಕಮ್ಮಿಯಾಗ್ತಾ ಬಂದು, ಡಿಗ್ರಿ ಮಟ್ಟದಲ್ಲಿ ಅದನ್ನು ಉಳಿಸಬೇಕು ಅಂತ 2024ರಲ್ಲಿ ಸಂಸತ್ತಿಗೆ ಮಸೂದೆ ಬಂತು. ನಮ್ಮ ಗುಂಪಿನಲ್ಲಿ ಅದಕ್ಕೆ ಬಂದ ಪ್ರತಿಕ್ರಿಯೆ: "ಇವರಿಗೂ ಶುರುವಾಯ್ತು ನೋಡು ಹುಚ್ಚು." ಬರೆದವರ ಡಿಪಿಯಲ್ಲಿ ಕನ್ನಡ ಬಾವುಟ.

ನಾನು ಇಚಿಲಂಪಾಡಿಯವನು. ಬೆಂಗಳೂರಿನವರಿಗೆ ಗುರ್ತ ಸಿಗಲಿಕ್ಕೆ ಹೇಳ್ತೇನೆ: ಧರ್ಮಸ್ಥಳ ಮುಗಿಸಿ ಪೆರಿಯಶಾಂತಿ ದಾರಿಯಲ್ಲಿ ಸುಬ್ರಹ್ಮಣ್ಯಕ್ಕೆ ಹೋಗುವಾಗ ಬಸ್ಸಿನಲ್ಲಿ ನೀವು ನಿದ್ದೆ ಹೊಡೆಯುವ ಜಾಗ. ಗುಂಡ್ಯ ಹೊಳೆ, ಅಡಿಕೆ, ರಬ್ಬರ್, ಆಮೇಲೆ ಮಳೆ. ಮೊದಲು ಪುತ್ತೂರು ತಾಲೂಕು, ಈಗ ಕಡಬ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಹಿಂದಿನ ಬೆಂಚಿನಲ್ಲಿ ಮಲಯಾಳ, ಬ್ಯಾರಿ. ಸುಳ್ಯ ಕಡೆಯಿಂದ ಬಂದ ನೆರೆಮನೆಯ ಅಕ್ಕನದು ಅರೆಭಾಷೆ, ಭಟ್ಟರ ಮನೆಯಲ್ಲಿ ಹವ್ಯಕ. ಹತ್ತು ವರ್ಷ ಆಗುವಾಗ ಎಲ್ಲದರಲ್ಲೂ ಬೈಗುಳವಾದರೂ ಬರುತ್ತಿತ್ತು. ಬಹುಭಾಷೆ ಗಿಹುಭಾಷೆ ಅಂತ ಯಾರೂ ಹೆಸರಿಟ್ಟಿರಲಿಲ್ಲ.

ನಮ್ಮ ಪಕ್ಕದ ತೋಟ ಕೇರಳದಿಂದ ಬಂದ ಕ್ರಿಶ್ಚಿಯನ್ ಕುಟುಂಬದ್ದು. ಕೋಟ್ಟಯಂ ಕಡೆ ಇದ್ದ ತುಂಡು ಜಾಗ ಮಾರಿ ಇಲ್ಲಿ ಗುಡ್ಡ ತೆಗೆದುಕೊಂಡು ರಬ್ಬರ್ ಹಾಕಿದವರು. ನೆಲ್ಯಾಡಿ, ಕಡಬ ಸುತ್ತ ಅಂಥ ಕುಟುಂಬಗಳು ಎಷ್ಟೋ ಉಂಟು. ಚೇಟ ಬಂದಾಗ ಅವರಿಗೆ ತುಳು ಒಂದಕ್ಷರ ಬರುತ್ತಿರಲಿಲ್ಲವಂತೆ, ನನ್ನ ಅಜ್ಜನಿಗೆ ಮಲಯಾಳ ಬರುತ್ತಿರಲಿಲ್ಲ. ಕತ್ತಿ ತೋರಿಸಿ ಕತ್ತಿ, ಹಾರೆ ತೋರಿಸಿ ಹಾರೆ, ಹಾಗೆ ಶುರು. ನಾನು ಕಣ್ಣು ಬಿಡುವ ಹೊತ್ತಿಗೆ ಚೇಟ ನೆಲ್ಯಾಡಿ ಪೇಟೆಯಲ್ಲಿ ತುಳುವಿನಲ್ಲಿ ಚೌಕಾಸಿ ಮಾಡುತ್ತಿದ್ದರು. ಉಚ್ಚಾರ ಮಾತ್ರ ಕೊನೇವರೆಗೂ ಕೋಟ್ಟಯಂದೇ. ಜನ ನಗುತ್ತಿದ್ದರು, ಅವರು ನಿಲ್ಲಿಸಲಿಲ್ಲ. ಅಜ್ಜ ರಬ್ಬರ್ ಟ್ಯಾಪಿಂಗ್ ಕಲಿತದ್ದು ಚೇಟನ ಕೈಯಿಂದ, ಮಲಯಾಳದಲ್ಲಿ.

ಎಲ್ಲ ಸಿಹಿಯಾಗಿತ್ತು ಅಂತ ಪೋಸ್ಟರ್ ಮಾಡಬೇಡಿ. ಕುಮ್ಕಿ ಜಾಗದ ಗಡಿಗೆ ಎರಡು ಮನೆಗೂ ದೊಡ್ಡ ತಕರಾರಾಗಿ ಪಂಚಾತಿಕೆವರೆಗೆ ಹೋಗಿತ್ತು. ಆದರೆ ಜಗಳಕ್ಕೂ ಭಾಷೆ ಬೇಕಲ್ಲ, ಚೇಟ ಅದನ್ನೂ ತುಳುವಿನಲ್ಲೇ ಆಡಿದರು. ಅಜ್ಜ ತೀರಿಹೋದ ರಾತ್ರಿ ಯಾರೂ ಹೇಳಿಕಳಿಸುವ ಮೊದಲೇ ಅಂಗಳದಲ್ಲಿ ಟಾರ್ಚ್ ಬೆಳಕು ಕಂಡಿತು. "ಅಜ್ಜೆರ್ ಪೋಯೆರಾ?" ಅಂತ ಕೇಳಿದರು. ಆಮೇಲೆ ಮಾತಾಡದೆ ಜಗಲಿಯಲ್ಲಿ ಕೂತರು. ಬೆಳಗ್ಗೆ ಮಾವಿನ ಮರ ಕಡಿಯಲಿಕ್ಕೆ ಮೊದಲು ಕೊಡಲಿ ಹಿಡಿದದ್ದು ಅವರೇ.

ಸುಳ್ಯದ ಕಡೆಗೆ ಹೋದರೆ ಇನ್ನೊಂದು ಕತೆ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ತಮಿಳರಿಗೆ ಸರಕಾರ ರಬ್ಬರ್ ತೋಟ ಮಾಡಿ ಅದರಲ್ಲೇ ಕೆಲಸ ಕೊಟ್ಟಿತು. ಲೈನ್ ಮನೆ, ಬೆಳಗಾತ ಟ್ಯಾಪಿಂಗ್. ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವ ಅಂಥ ಮನೆಯ ಹುಡುಗ, ಕನ್ನಡದಲ್ಲಿ ನನಗಿಂತ ಜಾಸ್ತಿ ಮಾರ್ಕು.

ಇವರೆಲ್ಲ ನಮ್ಮ ಸಂಸ್ಕೃತಿಯ ಮೇಲಿನ ಪ್ರೀತಿಯಿಂದ ಕಲಿತರು ಅಂತ ನಾನು ಹೇಳೋದಿಲ್ಲ. ಗತಿ ಇರಲಿಲ್ಲ, ಕಲಿತರು. ರೇಷನ್ನಿಗೆ, ಕೂಲಿಗೆ, ಅಡಿಕೆ ಮಾರಲಿಕ್ಕೆ, ಹೆರಿಗೆಗೆ, ಸಾವಿಗೆ ಪಕ್ಕದವನ ಬಾಯಿ ಬೇಕಿತ್ತು. ಬೆಂಗಳೂರಿನಲ್ಲೂ ನೋಡಿ, ಬಿಹಾರದಿಂದ ಬಂದ ಸೆಕ್ಯೂರಿಟಿಯವನಿಗೆ ಎರಡು ವರ್ಷದಲ್ಲಿ ಕನ್ನಡ ಬರುತ್ತೆ. ಅದೇ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯವರಿಗೆ ಹತ್ತು ವರ್ಷಕ್ಕೂ ಬರಲ್ಲ. ಮೇಲಿನವನ ತಲೆ ಕೆಳಗಿನವನಿಗಿಂತ ಮಂದ ಅಂತಲಾ? ಅವನಿಗೆ ಯಾರ ಹಂಗೂ ಇಲ್ಲ, ಅಷ್ಟೇ. ಬೇಕಾದ್ದೆಲ್ಲ ದುಡ್ಡಿಗೆ ಬರುತ್ತೆ, ಆ್ಯಪ್‌ನಲ್ಲಿ ಬರುತ್ತೆ.

ಬೆಂಗಳೂರಿನಲ್ಲಿ ಬಾಯಿಮಾತಿನಲ್ಲಿ ನಡೆಯುವ ಈ ತಾರತಮ್ಯವನ್ನು ಡಚ್ ಸರಕಾರ ನೇರ ಕಾನೂನಿನಲ್ಲೇ ಬರೆದಿಟ್ಟಿದೆ. 2004ರಿಂದ ಇಲ್ಲಿ ನಮ್ಮಂಥವರಿಗೆ ಒಂದು ಬೇರೆ ವೀಸಾ ಉಂಟು. ಅವರ ಭಾಷೆಯಲ್ಲಿ ಅದರ ಹೆಸರು 'ಕೆನ್ನಿಸ್‌ಮಿಖ್ರಾಂಟ್', ಪದಕ್ಕೆ ಪದ ಇಟ್ಟರೆ 'ಜ್ಞಾನ ವಲಸಿಗ'. ಸಿರಿಯಾದಿಂದಲೋ ಎರಿಟ್ರಿಯಾದಿಂದಲೋ ಜೀವ ಉಳಿಸಿಕೊಂಡು ಬಂದು ಆಶ್ರಯ ಪಡೆದವರು ಮೂರು ವರ್ಷದೊಳಗೆ ಡಚ್ ಕಲಿತು 'ಇನ್‌ಬುರ್ಗರಿಂಗ್' ಅಂದರೆ ನಾಗರಿಕ ಹೊಂದಾಣಿಕೆಯ ಪರೀಕ್ಷೆ ಮುಗಿಸಬೇಕು, ಇಲ್ಲದಿದ್ದರೆ ದಂಡ ಬೀಳಬಹುದು. ಜ್ಞಾನ ವಲಸಿಗನಿಗೆ ಆ ಕಡ್ಡಾಯ ಇಲ್ಲ. ಅವನಿಗೆ ದಂಡದ ಬದಲು ರಿಯಾಯಿತಿ: ಸಂಬಳದ ಶೇ. 30ರ ತನಕ ತೆರಿಗೆ ಇಲ್ಲ, ಐದು ವರ್ಷ. ಒಮ್ಮೆ ಇದು ಎಂಟು ವರ್ಷ ಇತ್ತು, ಅದಕ್ಕೂ ಮೊದಲು ಹತ್ತು. ಜ್ಞಾನ ಇರುವವನಿಗೆ ಭಾಷೆ ಬೇಡ, ಜ್ಞಾನ ಇಲ್ಲದವನಿಗೆ ಕಡ್ಡಾಯ. ಎಂಥಾ ಚಂದ ನೋಡಿ.

2023ರ ಕೊನೆಯಲ್ಲಿ ಈ ರಿಯಾಯಿತಿಯನ್ನು ವರ್ಷ ಹೋದ ಹಾಗೆ ಮೂವತ್ತು, ಇಪ್ಪತ್ತು, ಹತ್ತು ಅಂತ ಇಳಿಸೋದಾಗಿ ಸಂಸತ್ತು ತೀರ್ಮಾನಿಸಿತು. ಅಬ್ಬ, ನಮ್ಮ ಗುಂಪಿನಲ್ಲಿ ಎದ್ದ ಗಲಾಟೆ! ಏಳು ವರ್ಷದಲ್ಲಿ ಡಚ್ ಪತ್ರಿಕೆ ಮುಟ್ಟದವರೆಲ್ಲ ಸಂಸತ್ತಿನ ದಾಖಲೆಗಳನ್ನು ಸಾಲುಸಾಲಾಗಿ ಗೂಗಲ್‌ನಲ್ಲಿ ಅನುವಾದ ಮಾಡಿ ಓದಿದರು. ನಾನೂ ಓದಿದೆ, ನನ್ನ ಐದು ವರ್ಷ ಮುಗಿಯುತ್ತಾ ಬಂದಿದ್ದರೂ. ಆಮೇಲೆ ಸರಕಾರ ಬದಲಾಗಿ ಅದು ಹಿಂದೆ ಹೋಯಿತು, 2027ರಿಂದ ಶೇ. 27 ಅಂತ ಆಯಿತು. ಗುಂಪು ತಣ್ಣಗಾಯಿತು. ಅದೇ ನವೆಂಬರಿನ ಚುನಾವಣೆಯಲ್ಲಿ ವಲಸಿಗರ ವಿರುದ್ಧವೇ ಪ್ರಚಾರ ಮಾಡಿದ ಪಕ್ಷ 37 ಸೀಟು ಗೆದ್ದು ಮೊದಲ ಸ್ಥಾನಕ್ಕೆ ಬಂದಿತ್ತು. ಅದು ಯಾಕಾಯ್ತು, ನಮ್ಮ ಬೀದಿಯ ಜನ ಏನು ಮಾತಾಡ್ತಿದ್ದಾರೆ ಅಂತ ನಮಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ತೆರಿಗೆಯದ್ದು ಮಾತ್ರ ಗೊತ್ತಿತ್ತು.

'ಇಂಗ್ಲಿಷ್ ಸಾಕು' ಅನ್ನುವಾಗ ಆ ಸಾಕು ಯಾರಿಗೆ ಅನ್ನೋದನ್ನೂ ಕೇಳಬೇಕು. ನನ್ನ ಹೆಂಡತಿ ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದಳು. ಇಲ್ಲಿ ಆ ಕೆಲಸಕ್ಕೆ ರಿಜಿಸ್ಟರ್ ಆಗಬೇಕು, ಹೊರದೇಶದ ಡಿಗ್ರಿಯವರು ಡಚ್ ಬರುತ್ತೆ ಅಂತ ತೋರಿಸಬೇಕು. ಸರಿಯೇ, ಸೊಂಟ ನೋವಿನ ಅಜ್ಜಿ ತನ್ನ ನೋವನ್ನು ಇಂಗ್ಲಿಷಿನಲ್ಲಿ ಯಾಕೆ ಹೇಳಬೇಕು? ಬಂದ ಮೊದಲ ವರ್ಷ ಅವಳು ಕ್ಲಾಸಿಗೆ ಸೇರ್ತೇನೆ ಅಂದಾಗ ನಾನು ಹೇಳಿದ್ದು ಇದು: "ಎರಡು ವರ್ಷದಲ್ಲಿ ವಾಪಸ್ ಹೋಗುವ, ಈಗ ಎಂತಕ್ಕೆ ಅದಕ್ಕೆ ತಲೆ ಕೆಡಿಸಿಕೊಳ್ಳೋದು?" ಎರಡು ಐದಾಯಿತು, ಐದು ಏಳಾಯಿತು. ನನ್ನ ಆಫೀಸು ಇಂಗ್ಲಿಷಿನಲ್ಲಿ ನಡೆಯುತ್ತೆ ಅನ್ನುವ ಕಾರಣಕ್ಕೆ ಅವಳು ಕಲಿತ ವಿದ್ಯೆ ಮನೆಯ ಗೋಡೆಯಲ್ಲಿ ಫ್ರೇಮಾಗಿ ಕೂತಿತು. ನನ್ನ ಗುರ್ತದ ಹತ್ತು ಮನೆಯಲ್ಲಿ ಏಳರ ಕತೆ ಹೀಗೇ ಉಂಟು. ಒಂದು ಕಡೆ ಡೆಂಟಿಸ್ಟು, ಒಂದು ಕಡೆ ಹೈಸ್ಕೂಲ್ ಟೀಚರ್. ರಾಜ್ಯೋತ್ಸವದ ಸ್ಟೇಜಿನಲ್ಲಿ ಅವರನ್ನೆಲ್ಲ ರಂಗೋಲಿಗೆ, ಅಡುಗೆಗೆ ಥ್ಯಾಂಕ್ಸ್ ಹೇಳಿ ಕೂರಿಸ್ತೇವೆ.

ಈಗ ಹೇಳೋದನ್ನು ಹೇಳಬೇಕೋ ಬೇಡವೋ ಅಂತ ಬಹಳ ಸಲ ಯೋಚಿಸಿದೆ.

ನಮ್ಮ ಪಕ್ಕದ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದರು. ಅಜ್ಜ ದಿನಾ ಬೆಳಗ್ಗೆ ಬೇಲಿಗಿಡ ಕತ್ತರಿಸುತ್ತಾ ನನ್ನನ್ನು ನೋಡಿ ಎರಡು ಮಾತಾಡಿ ಕೊನೆಗೆ "ಹೌಡೂ" ಅನ್ನುತ್ತಿದ್ದರು. ಬ್ರಾಬಂಟಿನ ಕಡೆ ಹೋಗಿಬರ್ತೇನೆ ಅನ್ನೋದಕ್ಕೆ ಆ ಪದ. ಅದು ಗೊತ್ತಾಗುವ ತನಕ ನಾಲ್ಕು ತಿಂಗಳು ನಾನು "ಹೌದು ಹೌದು" ಅಂತ ತಲೆ ಆಡಿಸಿಕೊಂಡು ಆಫೀಸಿಗೆ ಹೋಗಿದ್ದೇನೆ. ಅವರ ಇಂಗ್ಲಿಷೂ ನನ್ನ ಡಚ್ಚೂ ಒಂದೇ ಮಟ್ಟ. ಮಗಳ ಸೈಕಲ್ಲಿನ ಚೈನು ಬಿದ್ದಾಗ ಸರಿ ಮಾಡಿಕೊಟ್ಟವರು ಅವರೇ, ಚೈನಿಗೆ ಮಾತು ಬೇಕಾಗಲಿಲ್ಲ. ನಾವು ಬಂದ ನಾಲ್ಕನೇ ವರ್ಷ ಅವರನ್ನು ಆಸ್ಪತ್ರೆಗೆ ಸೇರಿಸಿದರು ಅಂತ ಗೊತ್ತಾಯಿತು.

ಆಮೇಲೆ ಒಂದು ದಿನ ಬಾಗಿಲ ಸಂದಿಯಲ್ಲಿ ಒಂದು ಲಕೋಟೆ ಬಂದಿತ್ತು. ದಪ್ಪ ಬಿಳಿ ಕಾಗದ, ಬೂದು ಬಣ್ಣದ ಅಂಚು. ಒಳಗೆ ಒಂದು ಕಾರ್ಡು, ಉದ್ದಕ್ಕೆ ನಾಲ್ಕು ಹೆಸರು, ಎರಡು ತಾರೀಕು, ಪದ್ಯದ ಹಾಗೆ ನಾಲ್ಕು ಸಾಲು, ಯಾವುದೋ ವಿಳಾಸ. ಚರ್ಚಿನದ್ದೋ ಇನ್ಶೂರೆನ್ಸಿನದ್ದೋ ಅಂದುಕೊಂಡು ಹಳೆ ಪೇಪರಿನ ನೀಲಿ ಡಬ್ಬಿಗೆ ಹಾಕಿದೆ. ವಾರ ಕಳೆದ ಮೇಲೆ ಆ ಅಜ್ಜಿ ಗೇಟಿನ ಹತ್ರ ಸಿಕ್ಕಿದರು. ನಾನು ನಗುತ್ತಾ ಇಂಗ್ಲಿಷಿನಲ್ಲಿ, ನಿಮ್ಮವರು ಹೇಗಿದ್ದಾರೆ, ಮನೆಗೆ ಯಾವಾಗ ಬರ್ತಾರೆ ಅಂತ ಕೇಳಿದೆ.

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ತಡವರಿಸುವ ಇಂಗ್ಲಿಷಿನಲ್ಲಿ, ತೀರಿಕೊಂಡು ಹನ್ನೊಂದು ದಿನವಾಯಿತು, ಮಣ್ಣು ಕೂಡ ಆಯಿತು, ನಿಮಗೆ ಕಾರ್ಡು ಹಾಕಿದ್ದೆವಲ್ಲ, ಬರ್ತೀರಿ ಅಂದುಕೊಂಡಿದ್ದೆವು ಅಂದರು.

ಇಲ್ಲಿ ಸಾವನ್ನು ಕಾರ್ಡಿನಲ್ಲಿ ತಿಳಿಸುತ್ತಾರೆ. ನಮ್ಮ ಬಾಯಲ್ಲಿ ಮೂರಕ್ಷರದಲ್ಲಿ ಮುಗಿಯುತ್ತಿದ್ದ ಅವರ ಹೆಸರು ಕಾರ್ಡಿನಲ್ಲಿ ಚರ್ಚಿನ ದಾಖಲೆಯ ಉದ್ದದ ಹೆಸರಾಗಿತ್ತು. ಅದಕ್ಕೆ ಗುರುತು ಸಿಗಲಿಲ್ಲ ಅಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. 'ತೀರಿಕೊಂಡರು' ಅನ್ನುವ ಪದ ಗೊತ್ತಿದ್ದರೆ ಸಾಕಿತ್ತು. ಒಂದು ಪದ. ಗೆಳೆಯನಿಗೆ ಹೇಳಿದಾಗ, "ಫೋನ್ ಹಿಡಿದಿದ್ರೆ ಅನುವಾದ ಆಗ್ತಿತ್ತಲ್ಲ ಗುರು" ಅಂದ. ಆಗ್ತಿತ್ತು. ಆದರೆ ಫೋನ್ ಹಿಡಿಯಬೇಕು ಅನ್ನಿಸೋಕಾದ್ರೂ ಆ ಕಾಗದ ನನಗೆ ಸಂಬಂಧಪಟ್ಟದ್ದು ಅನ್ನಿಸಬೇಕಲ್ಲ. ತೆರಿಗೆ ಇಲಾಖೆಯ ನೀಲಿ ಲಕೋಟೆ ಬಂದರೆ ನಾನು ನಿಂತ ನಿಲುವಿನಲ್ಲೇ ಫೋನ್ ಹಿಡೀತೇನೆ. ಇದಕ್ಕೆ ಹಿಡಿಯಲಿಲ್ಲ.

ಆಮೇಲೆ ಕಲಿತೆ ಅಂತ ನೀವು ಅಂದುಕೊಂಡರೆ, ಇಲ್ಲ. ಆ ತಿಂಗಳೇ ಕ್ಲಾಸಿಗೆ ಸೇರಿದೆ, ಆರು ವಾರ ಹೋದೆ, ರಿಲೀಸ್ ಬಂತು, ಬಿಟ್ಟೆ. ಮೂರು ವರ್ಷದ ಮೇಲೆ ಕಿಟೆಲ್ ಬಗ್ಗೆ ಭಾಷಣ ಮಾಡಿದೆ. ಅಂದ ಹಾಗೆ ಕಿಟೆಲ್ ಹುಟ್ಟಿದ್ದು ಪೂರ್ವ ಫ್ರೀಸಿಯಾದಲ್ಲಿ, ನೆದರ್ಲೆಂಡ್ಸ್ ಗಡಿಗೆ ಅಂಟಿಕೊಂಡ ಜರ್ಮನ್ ಸೀಮೆ. ಇದನ್ನು ನಾನು ಭಾಷಣದಲ್ಲೂ ಹೇಳಿದ್ದೆ, ನಮಗೂ ಈ ನೆಲಕ್ಕೂ ಹಳೇ ನಂಟು ಅಂತ!

ಇಷ್ಟು ಬರೆದದ್ದಕ್ಕೆ ಬರುವ ಉತ್ತರವೂ ಗೊತ್ತು. ಕಲಿತರೆ ಮಾತ್ರ ಒಳಗೆ ಸೇರಿಸ್ತಾರಾ? ಇಲ್ಲ, ಅದಕ್ಕೆ ಗ್ಯಾರಂಟಿ ಇಲ್ಲ. ಹೇಗ್ ನಗರಕ್ಕೆ ಹೋಗಿ ನೋಡಿ. 1873ರ ಜೂನ್ 5ರಂದು 'ಲಲ್ಲಾ ರೂಖ್' ಅನ್ನುವ ಹಡಗು ಕಲ್ಕತ್ತಾದಿಂದ ಹೊತ್ತ ಕೂಲಿಗಳನ್ನು ಆಗ ಡಚ್ಚರ ವಸಾಹತಾಗಿದ್ದ ಸುರಿನಾಮಿನಲ್ಲಿ ಇಳಿಸಿತು. 1916ರ ತನಕ ಹಾಗೆ ಹೋದವರು 34 ಸಾವಿರದಷ್ಟು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅವರ ಮೊಮ್ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬಂದರು. ಅವರ ಡಚ್ ಯಾವ ಡಚ್ಚರಿಗೂ ಕಮ್ಮಿ ಇಲ್ಲ, ಮನೆಯಲ್ಲಿ ಭೋಜಪುರಿ-ಅವಧಿ ಬೆರೆತ ಸರ್ನಾಮಿಯೂ ಉಳಿದಿದೆ. ಅಂಥ ಒಬ್ಬ ಸಹೋದ್ಯೋಗಿ ನನಗೆ ಹೇಳಿದ್ದು: ಇಲ್ಲೇ ಹುಟ್ಟಿದ ನನ್ನನ್ನು ಈಗಲೂ ಪಾರ್ಟಿಗಳಲ್ಲಿ "ನಿಜವಾಗಿ ಎಲ್ಲಿಯವರು?" ಅಂತ ಕೇಳ್ತಾರೆ. ಆದರೆ ಕೇಳಿದವನಿಗೆ ಅವನು ಅಲ್ಲೇ, ಅವರದೇ ಭಾಷೆಯಲ್ಲಿ ಚುಚ್ಚಿ ಉತ್ತರ ಕೊಡ್ತಾನೆ, ನಾನು ನೋಡಿದ್ದೇನೆ. ನಾನಾದರೆ ಪ್ರಶ್ನೆ ಅರ್ಥವಾಗದೆ ನಕ್ಕಿರುತ್ತಿದ್ದೆ. ಸೇರಿಸಿಕೊಳ್ಳದಿದ್ದರೂ ಜಗಳಕ್ಕಾದರೂ ಭಾಷೆ ಬೇಕು, ಚೇಟನಿಗೆ ಕುಮ್ಕಿ ಜಾಗಕ್ಕೆ ಬೇಕಾದ ಹಾಗೆ.

ಬೆಂಗಳೂರಿನ ಬಗ್ಗೆ ನಾನು ಹೇಳಿದ ಒಂದು ಮಾತನ್ನೂ ವಾಪಸ್ ತಗೊಳ್ಳೋದಿಲ್ಲ. ಹತ್ತು ವರ್ಷ ಇದ್ದು ಕನ್ನಡ ಕಲಿಯದವರಿಗೆ ನಾಚಿಕೆ ಆಗಲೇಬೇಕು. ಐದು ವರ್ಷ ದಾಟಿ, ಪರ್ಮನೆಂಟ್ ರೆಸಿಡೆನ್ಸಿ ಬೇಕು ಅಂದಾಗ ಮಾತ್ರ ಎ2 ಪರೀಕ್ಷೆಯ ಹಳೆ ಪ್ರಶ್ನೆಗಳನ್ನು ಉರು ಹೊಡೆದು, ಪಾಸಾದ ಮರುದಿನವೇ ಮರೆಯುವ ನಮಗೂ ಅದೇ ನಾಚಿಕೆ ಆಗಬೇಕು. ಒಂದೇ ಬಾಯಲ್ಲಿ ಎರಡೂ ಹೇಳಲಿಕ್ಕೆ ಆಗದವನು ರಾಜ್ಯೋತ್ಸವದಲ್ಲಿ ಬಿಸಿಬೇಳೆಬಾತು ತಿಂದು ಸುಮ್ಮನೆ ಮನೆಗೆ ಹೋಗಲಿ.

ಹೋದ ವಾರ ಅಮ್ಮ ಫೋನ್ ಮಾಡಿದ್ದರು. ನಮ್ಮ ತೋಟಕ್ಕೆ ಈಗ ಜಾರ್ಖಂಡಿನ ಇಬ್ಬರು ಹುಡುಗರು ಬಂದಿದ್ದಾರೆ, ಮಳೆಗಾಲದ ಮೊದಲು ಬಂದವರು. ಅದರಲ್ಲಿ ಒಬ್ಬ ಅಮ್ಮನ ಹತ್ರ ತುಳುವಿನಲ್ಲೇ ಚಾ ಕೇಳ್ತಾನಂತೆ. ಅಮ್ಮನಿಗೆ ಅದೇ ದೊಡ್ಡ ಸುದ್ದಿ. ಆಮೇಲೆ ಸುಮ್ಮನೆ, ಯಾವ ಉದ್ದೇಶವೂ ಇಲ್ಲದೆ, "ನಿಕ್ಕ್ ಅಲ್ತ ಭಾಷೆ ಬರ್ಪುಂಡಾ?" ಅಂತ ಕೇಳಿದರು. ಏಳು ವರ್ಷದಲ್ಲಿ ಇದೇ ಮೊದಲ ಸಲ ಕೇಳಿದ್ದು. ಬರುತ್ತೆ ಅಂತ ಅವರು ಮೊದಲಿಂದ ನಂಬಿದ್ದರು ಅಂತ ಕಾಣ್ತದೆ. ಅಲ್ಲಿದ್ದೂ ಬಾರದೆ ಇರೋದು ಹೇಗೆ?

ಜನವರಿಯಿಂದ ನಾನು ಲೈಬ್ರರಿಯಲ್ಲಿ ನಡೆಯುವ ಭಾಷಾ ಕೆಫೆಗೆ ಹೋಗ್ತಾ ಇದ್ದೇನೆ, ಪ್ರತಿ ವಾರ ಒಂದೂವರೆ ಗಂಟೆ. ಹೆಂಡತಿ ವಾರಕ್ಕೆ ಮೂರು ದಿನ ಬೇರೆ ಕ್ಲಾಸಿಗೆ ಹೋಗ್ತಾಳೆ, ನನಗಿಂತ ಬಹಳ ಮುಂದಿದ್ದಾಳೆ. ನನ್ನ ಟೇಬಲ್ಲಿನಲ್ಲಿ ಸಿರಿಯಾದ ಒಬ್ಬ ಬಡಗಿ, ಎರಿಟ್ರಿಯಾದ ಒಬ್ಬಳು ತಾಯಿ, ಹೇಳಿಕೊಡಲಿಕ್ಕೆ ರಿಟೈರ್ಡ್ ಮೇಷ್ಟ್ರು. ಜ್ಞಾನ ವಲಸಿಗ ನಾನೊಬ್ಬನೇ, ಎಲ್ಲರಿಗಿಂತ ಹಿಂದೆ ಇರುವವನೂ ನಾನೇ. ಬಡಗಿಗೆ ನನ್ನ 'ಖ' ಕೇಳಿದರೆ ಭಾರಿ ನಗು.

ಈ ವರ್ಷದ ಕಾರ್ಯಕ್ರಮಕ್ಕೆ ಕಮಿಟಿಯಲ್ಲಿ ಒಂದು ನಿಯಮ ಇಡುವ ಅಂದೆ: ಐದು ವರ್ಷ ದಾಟಿದವರು ಮೊದಲು ಎರಡು ನಿಮಿಷ ಡಚ್ ಮಾತಾಡಿ, ಆಮೇಲೆ ಬೇಕಾದ್ರೆ ಬೆಂಗಳೂರಿಗೆ ಬೈಯಲಿ. "ಅಷ್ಟೆಲ್ಲ ಸ್ಟ್ರಿಕ್ಟ್ ಬೇಡ ಗುರು, ಫ್ಯಾಮಿಲಿ ಪ್ರೋಗ್ರಾಮ್" ಅಂದರು. ಹಾಗಾದರೆ ಹಾಲ್ ಬುಕ್ ಮಾಡುವ ಫೋನ್ ಆದರೂ ನಾನು ಮಾಡ್ತೇನೆ ಅಂದೆ. ಹೋದ ವರ್ಷ ಅದನ್ನು ಇಮೇಲ್‌ನಲ್ಲಿ ಇಂಗ್ಲಿಷಿನಲ್ಲಿ ಮಾಡಿದ್ದೆವು.

ಫೋನ್ ತೆಗೆದದ್ದು ಅದೇ ಮುದುಕ. ಅವನು ಇಂಗ್ಲಿಷಿಗೆ ತಿರುಗುವ ಭಯ ಇರಲಿಲ್ಲ, ಅದು ನನ್ನ ಅದೃಷ್ಟ. ತಾರೀಕು ಹೇಳಿದೆ, ಬರೆದುಕೊಂಡ. ಎಷ್ಟು ಜನ ಅಂತ ಕೇಳಿದ, ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ಹದಿನೈದು ಜನಕ್ಕೆ ಇಷ್ಟು ದೊಡ್ಡ ಹಾಲ್ ಯಾಕೆ, ಪಕ್ಕದ ಸಣ್ಣ ರೂಮು ಸಾಕಲ್ಲ, ಬಾಡಿಗೆಯೂ ಕಮ್ಮಿ ಅಂದ. ಸೋಫಾದ ಮೇಲಿಂದ ಮಗಳು ಬಿದ್ದು ಬಿದ್ದು ನಗುತ್ತಿದ್ದಳು, ಹೇಳಿಕೊಡಲಿಕ್ಕೆ ಎದ್ದು ಬಂದಳು, ಬೇಡ ಅಂತ ಕೈ ಮಾಡಿದೆ. ಎರಡನೇ ಸಲಕ್ಕೆ ನೂರೈವತ್ತು ಸರಿಯಾಗಿ ಬಂತು. ಆಗ ಅವನಿಗೆ ನಾವು ಯಾರು ಅಂತ ನೆನಪಾಯಿತು. ಓ ನೀವಾ, ಅಂದ. ಕುರ್ಚಿ ಎಂಟೇ.